ಹಾರ್ಡ್ ಡಿಸ್ಕಿನ ಮನೆ ಬದಲಾವಣೆ

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಮದುವೆಯ ಚಿತ್ರಗಳು, ಅಜ್ಜಿಯ ಧ್ವನಿ, ಮಕ್ಕಳ ನಾಮಕರಣ ಎಲ್ಲವೂ ಈಗ ಪುಟ್ಟ ಪೆಟ್ಟಿಗೆಯೊಂದರ ಹಾರ್ಡ್ ಡಿಸ್ಕಿನಲ್ಲಿವೆ. ಪೆಟ್ಟಿಗೆ ಹಳತಾಯಿತೆಂದು ಡಿಸ್ಕನ್ನು ಹೊರತೆಗೆದು, ಬೇರೊಂದು ಡಾಕಿನಲ್ಲಿ ನಿಲ್ಲಿಸಿದರೆ, ‘ಇದನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಕಂಪ್ಯೂಟರು ಹೇಳುವುದುಂಟು. ಎಲ್ಲವೂ ಅಳಿಸಿಹೋಯಿತೇ ಎಂದು ಎದೆ ಧಸಕ್ಕೆನ್ನುತ್ತದೆ. ಅನೇಕ ವೇಳೆ ಏನೂ ಅಳಿದಿರುವುದಿಲ್ಲ. ಇದರ ಮರ್ಮ ತಿಳಿಯಲು ಈ ಯಂತ್ರದ ಚರಿತ್ರೆಯನ್ನು ಕೊಂಚ ನೋಡಬೇಕು.

1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್; ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಅದನ್ನು ಕದಲಿಸುವ ಮಾತೇ ಇರಲಿಲ್ಲ. 1962ರಲ್ಲಿ ಅದೇ ಸಂಸ್ಥೆ, ತಟ್ಟೆಗಳ ಕಟ್ಟನ್ನು ಎತ್ತಿ ಅದೇ ಮಾದರಿಯ ಇನ್ನೊಂದು ಯಂತ್ರಕ್ಕೆ ಹಾಕುವ ಏರ್ಪಾಡು ಮಾಡಿತು. 1980ರಲ್ಲಿ ಸೀಗೇಟ್ ಕಂಪನಿ ಸಣ್ಣ ಕಂಪ್ಯೂಟರುಗಳಿಗೆಂದು ಐದೂಕಾಲು ಅಂಗುಲದ, 5 ಮೆಗಾಬೈಟಿನ ಡಿಸ್ಕ್ ತಂದಿತು. ಆದರೆ ಅದನ್ನು ನಡೆಸುವ ನಿಯಂತ್ರಕ ಬೇರೊಂದು ಕಾರ್ಡಿನಲ್ಲಿತ್ತು. ಒಂದು ಕಾರ್ಡು ಬರೆದದ್ದನ್ನು ಬೇರೆ ತಯಾರಕರ ಕಾರ್ಡು ಓದಲಾರದೆ ಹೋಗುವುದು ಆಗಿನ ಸಾಮಾನ್ಯ ತೊಂದರೆ.

1986ರ ಸುಮಾರಿಗೆ ಐ.ಡಿ.ಇ. ಪದ್ಧತಿ ಬಂದು, ನಿಯಂತ್ರಕ ಡಿಸ್ಕಿನ ಮೈಮೇಲೆಯೇ ಕುಳಿತಿತು. ಅಂದಿನಿಂದ ಡಿಸ್ಕು ತನ್ನ ವಿದ್ಯೆಯನ್ನು ತಾನೇ ಹೊತ್ತುಕೊಂಡು ತಿರುಗತೊಡಗಿತು. 2003ರ ಸಾಟಾ ಪದ್ಧತಿಯಲ್ಲೂ ಇದೇ ಕ್ರಮ.

ಇತ್ತ ಯು.ಎಸ್.ಬಿ. ಪೆಟ್ಟಿಗೆಗಳು ಬಂದಾಗ, ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮತ್ತೆ ಒಬ್ಬ ದುಭಾಷಿ ಬಂದು ನಿಂತ. ಪೆಟ್ಟಿಗೆಯೊಳಗಿನ ಚಿಕ್ಕ ಫಲಕವೇ ಆತ. ಹಳೆಯ ಲೆಕ್ಕದಲ್ಲಿ ಡಿಸ್ಕನ್ನು 512 ಬೈಟುಗಳ ತುಂಡುಗಳಾಗಿ ಎಣಿಸಿದರೆ, ಎಣಿಕೆ ಸುಮಾರು 2 ಟೆರಾಬೈಟಿಗೆ ಮುಗಿಯುತ್ತಿತ್ತು. 2010ರಲ್ಲಿ 3 ಟೆರಾಬೈಟಿನ ಡಿಸ್ಕುಗಳು ಬಂದಾಗ, ಹಳೆಯ ವಿಂಡೋಸ್ ಎಕ್ಸ್‌ಪಿಗೂ ಅವು ಒಗ್ಗಲೆಂದು ಕೆಲವು ಪೆಟ್ಟಿಗೆಗಳು ಎಂಟು ತುಂಡುಗಳನ್ನು ಸೇರಿಸಿ 4096 ಬೈಟುಗಳ ಒಂದೇ ತುಂಡೆಂದು ತೋರಿಸಿದವು. ಅಂಥ ಡಿಸ್ಕನ್ನು ನೇರವಾಗಿ 512ರ ಲೆಕ್ಕದಲ್ಲಿ ಓದುವ ಡಾಕಿಗೆ ವಿಳಾಸಗಳೇ ತಪ್ಪುತ್ತವೆ. ಇನ್ನು ಕೆಲವು ಪೆಟ್ಟಿಗೆಗಳು, ನಾವು ಗುಪ್ತಪದವನ್ನೇ ಇಡದಿದ್ದರೂ, ಬರೆಯುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿಡುತ್ತವೆ. ಅದರ ಬೀಗದ ಕೈ ಆ ಫಲಕದ ಹತ್ತಿರವೇ.

ಆದ್ದರಿಂದ ಫಾರ್ಮ್ಯಾಟಿಗೆ ಒಪ್ಪಿಗೆ ಕೊಡದೆ, ಡಿಸ್ಕನ್ನು ಮೊದಲು ಹಳೆಯ ಪೆಟ್ಟಿಗೆಗೇ ಮರಳಿಸಬೇಕು. ಅಲ್ಲಿ ತೆರೆದುಕೊಂಡರೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ನಕಲನ್ನು ತೆರೆದು ನೋಡಿದ ಬಳಿಕವೇ ಹೊಸ ಡಾಕಿನಲ್ಲಿ ಅದನ್ನು ಫಾರ್ಮ್ಯಾಟ್ ಮಾಡಬಹುದು. ಹಳೆಯ ಫಲಕ ಕೆಟ್ಟ ಮೇಲೆ ಗೂಢಲಿಪಿಯನ್ನು ಬಿಡಿಸುವುದು ಬಲು ಕಷ್ಟ; ಕೆಲವೊಮ್ಮೆ ಅಸಾಧ್ಯ. ಹಳೆಯ ಪೆಟ್ಟಿಗೆಗೆ ಉಸಿರಿರುವಾಗಲೇ ನಕಲು ಮಾಡಿಕೊಳ್ಳುವುದು ಜಾಣತನ.