ಬ್ಯಾರನ್ ಮುಂದೆ ಕೂತವನ ಪಿಎಫ್ ಕಟ್ಟೋರು ಯಾರು?

ತಂಬಾಕಿನ ಸೀಸನ್‌ನಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಒಮ್ಮೆ ಹೋಗಿ ನೋಡಿ. ಹಸಿ ಎಲೆ ಕಡ್ಡಿಗೆ ಕಟ್ಟಬೇಕು, ರಾತ್ರಿಯಿಡೀ ಬ್ಯಾರನ್ ಉರಿ ಕಾಯಬೇಕು, ಬಣ್ಣ ನೋಡಿ ಗ್ರೇಡ್ ಮಾಡಬೇಕು. ಕಾಲಿಗೆ ಶಕ್ತಿ ಇಲ್ಲದವನೂ ಕೂತು ಮಾಡಬಹುದಾದ ಕೆಲಸಗಳು ಇವು. ಅಂದ್ರೆ ಇಲ್ಲಿ ವಿಕಲಚೇತನರಿಗೆ ಕೆಲಸ ಇದೆ. ಕೆಲಸದ ಜೊತೆ ಬರಬೇಕಾದ್ದು ಇದೆಯಾ?

ಸ್ವಲ್ಪ ಹಿಂದಕ್ಕೆ ಹೋಗೋಣ. ಇಎಸ್ಐ ಕಾನೂನು ಬಂದದ್ದು 1948ರಲ್ಲಿ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅದಕ್ಕೆ ಚಾಲನೆ ಕೊಟ್ಟರು. ಕಾರ್ಖಾನೆಯಲ್ಲಿ ಕೈ ಹೋದರೆ ತಿಂಗಳು ತಿಂಗಳು ಹಣ, ಆಸ್ಪತ್ರೆ, ಎಲ್ಲವೂ ಉಂಟು. ಆದರೆ ಅದೇ ಕಾನೂನು ಸೀಸನಲ್ ಕಾರ್ಖಾನೆಗಳನ್ನ ಹೊರಗಿಟ್ಟಿತು. ಆ ಪಟ್ಟಿಯಲ್ಲಿ ಏನಿತ್ತು ಗೊತ್ತಾ? ಸಕ್ಕರೆ, ಬೆಲ್ಲ, ಕಾಫಿ. ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆಯ ಸುತ್ತಮುತ್ತಲಿನವರು ಇದನ್ನ ಇನ್ನೊಮ್ಮೆ ಓದಿಕೊಳ್ಳಲಿ. ಇನ್ನು ಹೊಲ, ಬ್ಯಾರನ್ ಕೂಲಿಯವರ ಮಾತು ಬಿಡಿ, ಅವರನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ.

1995ರ ಕಾನೂನು ಶೇ 3 ಮೀಸಲಾತಿ ಕೊಟ್ಟಿತು, 2016ರದ್ದು ಅದನ್ನ ಶೇ 4 ಮಾಡಿತು. ಎರಡೂ ಸರ್ಕಾರಿ ಕೆಲಸಕ್ಕೆ. ಖಾಸಗಿಯವರನ್ನ ಒಲಿಸೋಕೆ 2008ರಲ್ಲಿ ಕೇಂದ್ರ ಒಂದು ಯೋಜನೆ ತಂತು. ತಿಂಗಳಿಗೆ 25,000 ರೂಪಾಯಿವರೆಗಿನ ಸಂಬಳಕ್ಕೆ ವಿಕಲಚೇತನರನ್ನ ತಗೊಂಡರೆ, ಮಾಲೀಕನ ಪಾಲಿನ ಪಿಎಫ್, ಇಎಸ್ಐ ಮೂರು ವರ್ಷ ಸರ್ಕಾರವೇ ಕಟ್ಟುತ್ತೆ ಅಂತ. ವರ್ಷಕ್ಕೆ 1 ಲಕ್ಷ ಉದ್ಯೋಗ ಅನ್ನೋ ಗುರಿ! ಯೋಚನೆ ಕೆಟ್ಟದ್ದಲ್ಲ. ಆದರೆ ಪಿಎಫ್ ಪುಸ್ತಕವೇ ಇಲ್ಲದ ಮಾಲೀಕನಿಗೆ ಪಿಎಫ್ ಮಾಫಿಯಿಂದ ಏನು ಲಾಭ ಸ್ವಾಮಿ? ಮೀಸಲಾತಿ ಬಗ್ಗೆ ಸ್ಟುಡಿಯೋದಲ್ಲಿ ಎಷ್ಟೋ ಚರ್ಚೆ ನಡೆಸಿದ್ದೀನಿ, ಈ ಪ್ರಶ್ನೆ ನಾನೂ ಕೇಳಿರಲಿಲ್ಲ.

ಇನ್ನೊಂದು ಕಡೆ ಮಾಸಾಶನ. ಅದು ಆದಾಯದ ಮಿತಿಗೆ ಕಟ್ಟುಬಿದ್ದದ್ದು. ಸಂಬಳದ ಚೀಟಿ ಇರೋ ಕೆಲಸಕ್ಕೆ ಸೇರಿದರೆ ಮಾಸಾಶನ ಕಳೆದುಕೊಳ್ಳೋ ಭಯ. ಸೀಸನ್ ಮುಗಿದ ಮೇಲೆ ಕೆಲಸವೂ ಇಲ್ಲ. ಹೀಗಿದ್ದಾಗ ಚೀಟಿಯಿಲ್ಲದ ಕೂಲಿಯೇ ಮೇಲು ಅಂತ ಅವನು ಅಂದುಕೊಂಡರೆ ಅದು ಸೋಮಾರಿತನ ಅಲ್ಲ, ಲೆಕ್ಕಾಚಾರ. ನರೇಗಾದಲ್ಲಿ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಅನ್ನೋ ರಿಯಾಯಿತಿಯನ್ನ ನಮ್ಮ ರಾಜ್ಯ ಕೊಟ್ಟದ್ದು ಈ ಜನಕ್ಕೆ ಅರ್ಥವಾಗೋ ಸೌಲಭ್ಯ.

ಎಚ್.ಡಿ.ಕೋಟೆಯ ಪಂಚಾಯ್ತಿಗಳಿಗೆ ಹೋದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸಿಗ್ತಾರೆ. ತಾವೇ ವಿಕಲಚೇತನರು, ಉಳಿದವರ ಸೌಲಭ್ಯಕ್ಕೆ ಅರ್ಜಿ ತುಂಬಿಸೋರು. ಅವರ ಕೈಗೆ ಬರೋದು ಸಂಬಳ ಅಲ್ಲ, ಗೌರವಧನ.