ಬೆರಳಚ್ಚು ಯಂತ್ರಗಳ ಜೀರ್ಣೋದ್ಧಾರವೂ ಕನ್ನಡ ಲಿಪಿಯ ಸಾಕ್ಷ್ಯವೂ: ಯಳಂದೂರು ಸೀಮೆಯ ನಿಮಿತ್ತ

ಲಿಪಿಯ ಚರಿತ್ರೆಯೆಂದೊಡನೆ ನಮ್ಮ ವಿದ್ವಾಂಸರ ದೃಷ್ಟಿಯು ಶಿಲೆ, ತಾಮ್ರಪಟ, ಓಲೆಗರಿಗಳ ಕಡೆಗೆ ಹರಿಯುವುದು ಸಹಜವಾಗಿದೆ. ಯಳಂದೂರು ಸೀಮೆಯಲ್ಲಂತೂ ಇದಕ್ಕೆ ಬಲವಾದ ಕಾರಣವುಂಟು. ಗೌರೀಶ್ವರ ದೇವಾಲಯವೂ ಅದರ ಬಳೆಮಂಟಪವೂ ಇಲ್ಲಿಯವು. ಈ ತಾಲ್ಲೂಕಿನ ಶಾಸನಗಳನ್ನು ರೈಸರು 1898ರಲ್ಲಿಯೇ ಪ್ರಕಟಿಸಿದರು. ಷಡಕ್ಷರದೇವನ ಮತ್ತು ಸಂಚಿಯ ಹೊನ್ನಮ್ಮನ ಹೆಸರುಗಳು ಈ ಊರಿನೊಡನೆ ಬೆಸೆದುಕೊಂಡಿವೆ. ಆದರೆ ಕಳೆದ ಶತಮಾನದಲ್ಲಿ ಕಚೇರಿಯ ಕಾಗದಗಳ ಮೇಲೆ ಕನ್ನಡವನ್ನು ಮೂಡಿಸಿದ ಬೆರಳಚ್ಚು ಯಂತ್ರವನ್ನು ಲಿಪಿಶಾಸ್ತ್ರದ ವಿಷಯವೆಂದು ಎಣಿಸಿದವರು ವಿರಳ. ಹಳೆಯ ಯಂತ್ರಗಳನ್ನು ಸಂಗ್ರಹಿಸಿ ದುರಸ್ತು ಮಾಡುವ ಆಸಕ್ತಿಯು ಈಗ ಅಲ್ಲಲ್ಲಿ ತಲೆದೋರಿರುವುದರಿಂದ, ಆ ದುರಸ್ತಿಯ ಕ್ರಮವು ವಿಚಾರಣೀಯವಾಗಿದೆ.

ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಅಂದಿನ ಮೈಸೂರು ಸೀಮೆಯ ಲೆಕ್ಕಪತ್ರಗಳು ಕಡತಗಳಲ್ಲಿ ನಡೆಯುತ್ತಿದ್ದುವು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆ ಹಾಕಿ, ಬಳಪದಿಂದ ಬರೆಯುತ್ತಿದ್ದರು. ಕಡತದಿಂದ ಕಾಗದಕ್ಕೂ ಕಾಗದದಿಂದ ಯಂತ್ರಕ್ಕೂ ಬಂದ ದಾರಿಯು ನೇರವಾದುದಲ್ಲ. ನೆರೆಯ ಕೊಳ್ಳೇಗಾಲವು 1956ರ ನವೆಂಬರಿನವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು, ಯಳಂದೂರು ಮೈಸೂರಿನದು. ಹೀಗೆ ಎರಡು ಆಡಳಿತಗಳಲ್ಲಿದ್ದ ಕನ್ನಡದ ಊರುಗಳೆರಡರ ಮೇಲಣ ಕಚೇರಿಗಳೂ ಇಂಗ್ಲಿಷಿಗೇ ಒಗ್ಗಿದ್ದುವು. ಏಕೀಕರಣವಾಗಿ, 1963ರ ಶಾಸನದಿಂದ ಕನ್ನಡವು ರಾಜ್ಯದ ಆಡಳಿತಭಾಷೆಯಾದ ಮೇಲೆ, ಕನ್ನಡದ ಕೀಲಿಮಣೆಯು ಕಚೇರಿಗೆ ಅನಿವಾರ್ಯವಾಯಿತು.

ಆ ಕೀಲಿಮಣೆಯು ಸುಲಭವಾಗಿ ದೊರೆತುದಲ್ಲ. 1870ರ ದಶಕದಲ್ಲಿ ಅಮೆರಿಕದ ರೆಮಿಂಗ್ಟನ್ ಸಂಸ್ಥೆಯು ಮಾರಾಟಕ್ಕಿಟ್ಟ ಯಂತ್ರವು ರೋಮನ್ ಲಿಪಿಗಾಗಿ ಹುಟ್ಟಿದುದು. ಅನಂತರ ರೂಢಿಗೆ ಬಂದ ಯಂತ್ರಗಳಲ್ಲಿ 44 ಅಥವಾ 46 ಅಕ್ಷರಕೀಲಿಗಳಿದ್ದು, ಶಿಫ್ಟ್ ಕೀಲಿಯ ಸಹಾಯದಿಂದ ಒಟ್ಟು 88 ಅಥವಾ 92 ರೂಪಗಳು ಮೂಡುತ್ತವೆ. ನಮ್ಮ ವರ್ಣಮಾಲೆಯ 49 ಅಕ್ಷರಗಳಿಗೆ 34 ಒತ್ತುಗಳನ್ನೂ 10 ಅಂಕಿಗಳನ್ನೂ ಕೂಡಿಸಿದರೆ ಆಗಲೇ 93 ಆಗುವುದು. ಗುಣಿತದ ಚಿಹ್ನೆಗಳನ್ನು ಇನ್ನೂ ಎಣಿಸಿಯೇ ಇಲ್ಲ! ಆದುದರಿಂದ ಅಕ್ಷರವನ್ನು ಅವಯವಗಳಾಗಿ ಬಿಡಿಸಿ, ತಲೆಕಟ್ಟನ್ನು ಬೇರೆಯ ಕೀಲಿಗೆ ಒಪ್ಪಿಸಬೇಕಾಯಿತು. ಕೆಲವು ಕೀಲಿಗಳನ್ನು ಒತ್ತಿದಾಗ ಕಾಗದದ ಬಂಡಿಯು ಮುಂದೆ ಸರಿಯದೆ ನಿಂತಲ್ಲೇ ನಿಲ್ಲುವಂತೆ ಮಾಡಿ, ಒಂದೇ ಸ್ಥಳದಲ್ಲಿ ಎರಡು ಅವಯವಗಳು ಕೂಡುವ ಉಪಾಯವನ್ನು ಕಂಡುಕೊಂಡರು. ಕನ್ನಡದ ಈ ಕೀಲಿಮಣೆಯನ್ನು ರೂಪಿಸಿದವರೆಂದು ಕೆ. ಅನಂತಸುಬ್ಬರಾಯರು ಪ್ರಸಿದ್ಧರು. ಅರ್ಧಮಾತ್ರೆಯ ಲಾಘವಕ್ಕೂ ಹಿಗ್ಗುತ್ತಿದ್ದ ವೈಯಾಕರಣರು ಈ ಕೀಲಿಮಣೆಯನ್ನು ಕಂಡಿದ್ದರೆ ತಲೆದೂಗುತ್ತಿದ್ದರೆಂದು ನನ್ನ ಭಾವನೆ. ಪಂಡಿತವರ್ಗವು ಇದನ್ನು ಗುಮಾಸ್ತೆಯ ಉಪಕರಣವೆಂದು ಕಡೆಗಣಿಸಿದುದು ಉಚಿತವಲ್ಲ.

ಗ್ರಂಥಸಂಪಾದನೆ ಮಾಡುವವರಿಗೆ ಇದರಲ್ಲಿ ನೇರವಾದ ಪ್ರಯೋಜನವುಂಟು. ಹಳಗನ್ನಡ ಕಾವ್ಯವೊಂದರ ಬೆರಳಚ್ಚು ಪ್ರತಿಯಲ್ಲಿ ೞಕಾರದ ಸ್ಥಾನದಲ್ಲಿ ಳಕಾರವಿದೆಯೆನ್ನೋಣ. ಇದು ಮೂಲದ ಓಲೆಯ ಪಾಠವೋ, ಪ್ರತಿಕಾರನ ಪ್ರಮಾದವೋ, ಯಂತ್ರದಲ್ಲಿ ೞಕಾರದ ಕೀಲಿಯೇ ಇಲ್ಲದುದರ ಫಲವೋ? ಓಲೆಯು ನಷ್ಟವಾಗಿದ್ದ ಪಕ್ಷದಲ್ಲಿ, ಯಂತ್ರವನ್ನು ನೋಡದೆ ಇದನ್ನು ನಿರ್ಣಯಿಸುವುದು ಕಷ್ಟ. ಒತ್ತಕ್ಷರವು ಸ್ವಲ್ಪ ಬಲಕ್ಕೆ ಸರಿದಿರುವುದು, ಒಂದು ತಲೆಕಟ್ಟಿನ ಅಂಚು ಮುಕ್ಕಾಗಿರುವುದು, ಇಂತಹ ಲಕ್ಷಣಗಳು ಆ ಯಂತ್ರದ ಪ್ರತಿಯೊಂದು ಪುಟದಲ್ಲಿಯೂ ಮರುಕಳಿಸುತ್ತವೆ. ಅಂತಹ ಲಕ್ಷಣಗಳು ನಾಲ್ಕಾರು ಒಟ್ಟಿಗೆ ಸೇರಿದರೆ, ಸ್ಥಾಲೀಪುಲಾಕ ನ್ಯಾಯದಿಂದ ಒಂದು ಹಾಳೆಯನ್ನು ನೋಡಿಯೇ ಯಂತ್ರವನ್ನು ಗುರುತಿಸಬಹುದು. ಕಾಲನಿರ್ಣಯಕ್ಕೂ ಇದು ಸಹಾಯಕ. ಗೋದ್ರೆಜ್ ಸಂಸ್ಥೆಯು ಭಾರತದಲ್ಲಿ ಯಂತ್ರಗಳನ್ನು ತಯಾರಿಸತೊಡಗಿದುದು 1955ರಲ್ಲಿ. ಆದುದರಿಂದ ಗೋದ್ರೆಜ್ ಯಂತ್ರದ ಬರಹವೆಂದು ಸಿದ್ಧವಾದ ಕಾಗದವು ಅದಕ್ಕೆ ಹಿಂದಿನದಾಗಲಾರದು. ಆ ಸಂಸ್ಥೆಯು 2009ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಬಿಡಿಭಾಗಗಳಿಗಾಗಿ ಒಂದು ಯಂತ್ರವನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸುವುದು ಇದರಿಂದ ಹೆಚ್ಚಾಗುವುದು ಸ್ವಾಭಾವಿಕ.

ವಿಪತ್ತು ಇರುವುದು ಇಲ್ಲಿಯೇ. ಸವೆದ ಅಕ್ಷರವನ್ನು ಕಿತ್ತು ಬೇರೊಂದು ಯಂತ್ರದ ಅಕ್ಷರವನ್ನು ಬೆಸುಗೆ ಹಾಕಿದರೆ, ಓರೆಯಾದ ಕಡ್ಡಿಯನ್ನು ಬಗ್ಗಿಸಿ ನೇರಮಾಡಿದರೆ, ಯಂತ್ರವು ಸೊಗಸಾಗಿ ಬರೆಯುವುದು; ಸಾಕ್ಷ್ಯವು ಅಳಿಯುವುದು. ಮಾಸಿದ ಓಲೆಗೆ ಮಸಿಯನ್ನೂ ಎಣ್ಣೆಯನ್ನೂ ಸವರಿ ಅಕ್ಷರವನ್ನು ಕಾಣಿಸುತ್ತೇವೆಯೇ ಹೊರತು ಅದನ್ನು ಹೊಸದಾಗಿ ಕೊರೆಯುವುದಿಲ್ಲ. ಯಂತ್ರಕ್ಕೂ ಈ ಮರ್ಯಾದೆಯು ಸಲ್ಲಬೇಕು. ಅಕ್ಷರದ ಗುಳಿಗಳಲ್ಲಿ ಗಟ್ಟಿಯಾದ ಮಸಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ತೆಗೆಯಬಹುದು. ಕಡ್ಡಿಗಳ ಬುಡದ ಸೀಳುಗಳಿಗೆ ಎಣ್ಣೆ ಬಿಡಬಾರದು. ಎಣ್ಣೆಗೆ ಧೂಳು ಹಿಡಿದು ಕಡ್ಡಿಗಳು ಕಚ್ಚಿಕೊಳ್ಳುತ್ತವೆ. ರಬ್ಬರಿನ ಉರುಳೆಯು ಗಡುಸಾಗಿದ್ದರೆ ಕಾಗದದ ಹಿಂದೆ ಇನ್ನೊಂದು ಹಾಳೆಯನ್ನಿಟ್ಟು ಬರೆದರಾಯಿತು. ರಿಬ್ಬನ್ನನ್ನು ಬದಲಾಯಿಸಬಹುದು, ಅದರ ಹಳೆಯ ಸುರುಳಿಯನ್ನು ಮಾತ್ರ ಎಸೆಯಬಾರದು. ಯಾವುದೇ ಭಾಗವನ್ನು ಬದಲಿಸುವುದು ಅನಿವಾರ್ಯವಾದರೆ, ಅದಕ್ಕೆ ಮುಂಚೆ ಎಲ್ಲ ಕೀಲಿಗಳನ್ನೂ ಶಿಫ್ಟ್ ಇಲ್ಲದೆಯೂ ಶಿಫ್ಟ್ ಸಹಿತವಾಗಿಯೂ ಒತ್ತಿ, ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಬರೆದು, ಮಾದರಿ ಹಾಳೆಯೊಂದನ್ನು ತೆಗೆದಿಡತಕ್ಕದ್ದು. ಯಂತ್ರದ ಕ್ರಮಸಂಖ್ಯೆಯನ್ನೂ ಅದು ಯಾವ ಕಚೇರಿಯಿಂದ ಬಂದಿತೆಂಬುದನ್ನೂ ಆ ಹಾಳೆಯ ತಲೆಯಲ್ಲಿಯೇ ಗುರುತು ಮಾಡಬೇಕು.

ಯಳಂದೂರಿನ ಜಹಗೀರ್ದಾರರ ಬಂಗಲೆಯು ಈಗ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟಿದೆ. ಯಳಂದೂರು, ಕೊಳ್ಳೇಗಾಲ, ಹನೂರುಗಳ ಕಚೇರಿಗಳಲ್ಲಿಯೂ ಬೆರಳಚ್ಚು ಕಲಿಸುತ್ತಿದ್ದ ಶಾಲೆಗಳಲ್ಲಿಯೂ ಉಳಿದಿರಬಹುದಾದ ಯಂತ್ರಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುವ ಮೊದಲು, ಮಾದರಿ ಹಾಳೆಗಳೊಡನೆ ಅಲ್ಲಿ ಸ್ಥಳ ಪಡೆಯುವುದು ಯುಕ್ತ. ಯಂತ್ರವನ್ನು ಇರಿಸಲು ಅವಕಾಶವಿಲ್ಲದಿದ್ದರೆ ಹಾಳೆಯನ್ನಾದರೂ, ಅದೇ ಯಂತ್ರದಲ್ಲಿ ಬರೆದ ಹಳೆಯ ಕಾಗದವೊಂದರ ಜೊತೆಯಲ್ಲಿಯೇ, ಕಟ್ಟಿಡಬಹುದು.