‘ದೇವರು ಆವು’ ಯಾವ ಕಡತದಲ್ಲಿದೆ? ಕಂಬಂ ಕಣಿವೆಯ ಕನ್ನಡವೂ ಮದರಾಸಿನ ಪತ್ರಾಗಾರವೂ

ಚಿನ್ನಮನೂರಿನ ಹೆಸರು ಇತಿಹಾಸಕಾರರಿಗೆ ಪರಿಚಿತವಾದದ್ದು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ಪಾಂಡ್ಯರ ತಾಮ್ರಶಾಸನಗಳಿಂದ. ಅವನ್ನು ಸಂಪಾದಿಸಿ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಮೂರನೆಯ ಸಂಪುಟಕ್ಕೆ ಸಿದ್ಧಪಡಿಸಿದವರು ಮೈಸೂರು ಸೀಮೆಯವರಾದ ಹೊಸಕೋಟೆ ಕೃಷ್ಣಶಾಸ್ತ್ರಿಗಳು; ಆ ಭಾಗ ಅಚ್ಚಾದದ್ದು 1929ರಲ್ಲಿ. ಕನ್ನಡಿಗ ವಿದ್ವಾಂಸರೊಬ್ಬರು ತಮಿಳುನಾಡಿನ ಊರೊಂದರ ದಾಖಲೆಯನ್ನು ಲೋಕಕ್ಕೆ ತೆರೆದಿಟ್ಟ ಈ ಸಂಗತಿ ಇನ್ನೊಂದು ಪ್ರಶ್ನೆಯನ್ನು ಮುಂದಿಡುತ್ತದೆ: ಅದೇ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಮಾತಾಗಿ ಉಳಿದು ಬಂದ ಕನ್ನಡದ ದಾಖಲೆ ಎಲ್ಲಿದೆ?

ಕಣಿವೆಯ ಕಪ್ಪಿಲಿಯರು ಮತ್ತು ಅನುಪ್ಪರು ಬೇಸಾಯಗಾರರು. ಮನೆಯಲ್ಲಿ ಕನ್ನಡ, ಸಂತೆ-ಕಚೇರಿಗಳಲ್ಲಿ ತಮಿಳು. ತೊಟ್ಟಿಯರ ಒತ್ತಡ ತಾಳಲಾರದೆ ತುಂಗಭದ್ರೆಯ ದಡವನ್ನು ಬಿಟ್ಟು ಬಂದವರು ತಾವೆಂಬ ಕಪ್ಪಿಲಿಯರ ಐತಿಹ್ಯವನ್ನು ವಸಾಹತುಕಾಲದ ಬರಹಗಳು ಗುರುತಿಸಿವೆ. ಇವರ ಕನ್ನಡಕ್ಕೆ ಕಚೇರಿಯಲ್ಲಿ ಸ್ಥಾನವಿರಲಿಲ್ಲವಾದ್ದರಿಂದ ಅದು ದಾಖಲೆಯ ಭಾಷೆಯಾಗಿ ಎಲ್ಲಿಯೂ ಕಾಣಸಿಗುವುದಿಲ್ಲ. ಕಂಡರೆ ದಾಖಲೆಯ ವಿಷಯವಾಗಿ ಮಾತ್ರ, ಅದೂ ಇನ್ನೊಬ್ಬರ ಕಾಗುಣಿತದಲ್ಲಿ. ಇಂತಹ ಭಾಷೆಯ ಇತಿಹಾಸವನ್ನು ಬರೆಯಹೊರಟವರು ಮೊದಲು ಎದುರಾಗುವುದು ಸರ್ಕಾರಿ ಪತ್ರಾಗಾರದ ಸಿಬ್ಬಂದಿಯನ್ನು. ಸಂಶೋಧನೆಯ ದಿಕ್ಕು ಬಹುಮಟ್ಟಿಗೆ ಅಲ್ಲಿಯೇ ನಿರ್ಧಾರವಾಗುತ್ತದೆ.

ಚಿನ್ನಮನೂರಿನಿಂದ ಸುಮಾರು 500 ಕಿಲೋಮೀಟರ್ ದೂರದ ಚೆನ್ನೈನ ಎಗ್ಮೋರಿನಲ್ಲಿ ಆ ಪತ್ರಾಗಾರವಿದೆ. ಸೇಂಟ್ ಜಾರ್ಜ್ ಕೋಟೆಯಲ್ಲಿದ್ದ ಕಾಗದಪತ್ರಗಳಿಗೆಂದು 1909ರಲ್ಲಿ ಸಿದ್ಧವಾದ ಈ ಕಟ್ಟಡ ಮದರಾಸು ರೆಕಾರ್ಡ್ ಆಫೀಸ್ ಎನಿಸಿ, 1973ರಲ್ಲಿ ತಮಿಳುನಾಡು ಪತ್ರಾಗಾರವಾಯಿತು. ಮೊದಲ ಪಾಲಕ ಹೆನ್ರಿ ಡಾಡ್ವೆಲ್ ಹಳೆಯ ಪತ್ರವ್ಯವಹಾರಗಳ ಸಾರಸೂಚಿಗಳನ್ನು ಅಚ್ಚುಹಾಕಿಸಿದರು. ಮುಂದೆ ಅದೇ ಹುದ್ದೆಗೆ ಬಂದವರು ಬಂಟ್ವಾಳ ಸುರೇಂದ್ರನಾಥ ಬಾಳಿಗ. ಅವರು ಪತ್ರಾಗಾರದ ಕಡತಗಳನ್ನೇ ಆಧರಿಸಿ ಮದರಾಸಿನ ಆಡಳಿತವನ್ನು ಕುರಿತು ಗ್ರಂಥ ಬರೆದರು, ಜಿಲ್ಲಾ ಗೆಜೆಟಿಯರುಗಳನ್ನು ಹೊಸದಾಗಿ ರಚಿಸಿದರು. ಅವರ ಹೆಸರಿನಲ್ಲಿ 1960ರಲ್ಲಿ ಹೊರಬಂದ ಮದುರೆ ಜಿಲ್ಲೆಯ ಗೆಜೆಟಿಯರಿನ ವ್ಯಾಪ್ತಿಯೊಳಗೆ ಅಂದಿನ ಚಿನ್ನಮನೂರು, ಕಂಬಂ, ದಿಂಡಿಗಲ್ಲುಗಳೆಲ್ಲ ಸೇರಿದ್ದವು. ಶಾಸನಕ್ಕೆ ಕೃಷ್ಣಶಾಸ್ತ್ರಿಗಳು, ಕಡತಕ್ಕೆ ಬಾಳಿಗರು: ಕಣಿವೆಯ ಲಿಖಿತ ಗತಕಾಲವು ಎರಡು ಬಾರಿ ಕನ್ನಡ ಸೀಮೆಯ ಹೆಸರು ಹೊತ್ತವರ ಕೈಯಿಂದ ದಾಟಿ ಬಂದಿದೆ. ಇದನ್ನು ಕಾಕತಾಳೀಯವೆಂದು ಬಿಟ್ಟರೂ ನಷ್ಟವಿಲ್ಲ.

ಕರ್ನಾಟಕದಿಂದ ಎಗ್ಮೋರಿಗೆ ಹೋಗುವ ವಿದ್ವಾಂಸರು ಸಾಮಾನ್ಯವಾಗಿ ಕೇಳುವುದು ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳ ಕಡತಗಳನ್ನು. ಬಳ್ಳಾರಿ 1953ರವರೆಗೆ, ಉಳಿದೆರಡು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಆ ಕೋರಿಕೆ ಸಹಜವೇ. ಆದರೆ ‘ಕಂಬಂ ಕಣಿವೆಯ ಕನ್ನಡ’ ಎಂದು ಬರೆದ ಕೋರಿಕೆಯ ಚೀಟಿಗೆ ನೇರವಾಗಿ ತಾಳೆಯಾಗುವ ಶೀರ್ಷಿಕೆ ಇಲ್ಲ. ಸರ್ಕಾರದ ಕಾಗದಗಳನ್ನು ಜೋಡಿಸಿದ್ದು ಇಲಾಖೆ, ವರ್ಷ, ಆದೇಶಸಂಖ್ಯೆಗಳ ಪ್ರಕಾರವೇ ಹೊರತು ಸಮುದಾಯದ ಅಥವಾ ಭಾಷೆಯ ಪ್ರಕಾರವಲ್ಲ. ಆದ್ದರಿಂದ ಪತ್ರಾಗಾರದ ಅಧಿಕಾರಿಯ ಮುಖ್ಯ ಕೆಲಸ ಕಟ್ಟು ತರಿಸಿಕೊಡುವುದಕ್ಕಿಂತ ಮೊದಲೇ ಆರಂಭವಾಗುತ್ತದೆ. ಸಂಶೋಧಕರ ಪ್ರಶ್ನೆಯನ್ನು ಕಚೇರಿಯ ಭಾಷೆಗೆ ಅನುವಾದಿಸಬೇಕು. ತೌಲನಿಕ ಅಧ್ಯಯನದವರಿಗೆ ಇದು ಹೊಸತಲ್ಲವಾದರೂ, ಈ ಅನುವಾದಕ್ಕೆ ಅನುವಾದಕರ ಹೆಸರು ಎಲ್ಲಿಯೂ ನಮೂದಾಗುವುದಿಲ್ಲ.

ಈ ಅನುವಾದ ಕಾಗುಣಿತದಿಂದಲೇ ತೊಡಗುತ್ತದೆ. ಹಳೆಯ ಸೂಚಿಗಳಲ್ಲಿ ಭಾಷೆಯ ಹೆಸರು ‘ಕೆನರೀಸ್’. ಅದನ್ನೂ ಎರಡು ಬಗೆಯ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಾರೆ. ಕಂಬಂ ‘ಕಂಬಮ್’ ಆಗಿಯೂ ‘ಕುಂಬಮ್’ ಆಗಿಯೂ ಬರುತ್ತದೆ. ಎರಡನೆಯ ರೂಪವೇ ಕರ್ನೂಲು ಜಿಲ್ಲೆಯಲ್ಲಿದ್ದ, ದೊಡ್ಡ ಕೆರೆಗೆ ಹೆಸರಾದ ಇನ್ನೊಂದು ಊರಿಗೂ ಸಲ್ಲುತ್ತಿತ್ತು. ಎಚ್ಚರಿಸುವವರಿಲ್ಲದಿದ್ದರೆ ತೆಲುಗು ನಾಡಿನ ಕೆರೆಯ ದುರಸ್ತಿಯ ಕಡತಗಳನ್ನು ಓದುತ್ತ ವಾರ ಕಳೆದುಹೋಗಬಹುದು. ಎಲ್ಲೆಗಳೂ ನಿಂತಲ್ಲಿ ನಿಂತಿಲ್ಲ. ದಿಂಡಿಗಲ್ ಸೀಮೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ವಶದಲ್ಲಿದ್ದು, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕಂಪನಿಗೆ ಸೇರಿತು. ಆನಂತರದ ಕಾಗದಗಳು ಮದುರೆ ಜಿಲ್ಲೆಯ ಹೆಸರಿನಲ್ಲಿ ಬೆಳೆದವು. ದಿಂಡಿಗಲ್ ಜಿಲ್ಲೆಯಾದದ್ದು 1985ರಲ್ಲಿ, ತೇನಿ 1996ರಲ್ಲಿ. ‘ತೇನಿ ಜಿಲ್ಲೆ’ ಎಂದು ಹುಡುಕುವವರಿಗೆ ಅದಕ್ಕಿಂತ ಹಿಂದಿನ ಇನ್ನೂರು ವರ್ಷಗಳು ಕಾಣಿಸುವುದೇ ಇಲ್ಲ.

ಕಣಿವೆಯ ಎಲ್ಲ ದಾಖಲೆಗಳೂ ಇಷ್ಟು ಮರೆಯಲ್ಲಿಲ್ಲ. ಪೆರಿಯಾರ್ ಅಣೆಕಟ್ಟಿಗಾಗಿ 1886ರ ಅಕ್ಟೋಬರ್ 29ರಂದು ತಿರುವಾಂಕೂರಿನೊಡನೆ ಆದ 999 ವರ್ಷಗಳ ಗುತ್ತಿಗೆಪತ್ರವನ್ನು ಯಾರೂ ಹುಡುಕಬೇಕಾಗಿಲ್ಲ. ಎರಡು ರಾಜ್ಯಗಳ ವಕೀಲರು ಅದರ ಸಾಲುಸಾಲನ್ನೂ ಬಲ್ಲರು. 1895ರಿಂದ ಆ ನೀರು ಕಣಿವೆಗೆ ಇಳಿಯಿತು; ಗುತ್ತಿಗೆಯ ಸಿಂಧುತ್ವದ ಮೇಲಿನ ವಾದ 2014ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ವ್ಯಾಜ್ಯವಿರುವ ಕಾಗದವನ್ನು ವ್ಯಾಜ್ಯವೇ ಕಾಪಾಡುತ್ತದೆ. ವ್ಯಾಜ್ಯವಿಲ್ಲದ್ದಕ್ಕೆ ಆ ಭಾಗ್ಯವಿಲ್ಲ.

ಕಂಬಂನ ಕಪ್ಪಿಲಿಯರ ದೇವರ ಹಿಂಡನ್ನು ನೋಡಬಹುದು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಅದರ ವರ್ಣನೆಯಿದೆ. ತಮಿಳಿನಲ್ಲಿ ಅದರ ಹೆಸರು ‘ತಂಬಿರಾನ್ ಮಾಡು’, ಕನ್ನಡದಲ್ಲಿ ‘ದೇವರು ಆವು’. ಹಿಂಡಿನ ಹಸುಗಳ ಹಾಲು ಕರೆಯುವುದಿಲ್ಲ. ಸತ್ತ ದನಗಳನ್ನು ಹೂಳುತ್ತಾರೆ. ಹಿಂಡಿಗೊಂದು ರಾಜಹೋರಿ, ಅದು ‘ಪಟ್ಟದ ಆವು’. ಮುಂದಿಟ್ಟ ಕಬ್ಬನ್ನು ಮೊದಲು ಬಂದು ತಿಂದ ಹೋರಿಗೆ ಪಟ್ಟ. ‘ಪಟ್ಟದ ಆನೆ’, ‘ಪಟ್ಟದ ರಾಣಿ’ ಎನ್ನುವ ಕನ್ನಡಿಗನಿಗೆ ಈ ನುಡಿಗಟ್ಟಿನ ಮೊದಲ ಪದ ಅಂಗೈ ನೆಲ್ಲಿ. ಎರಡನೆಯದು ಹಾಗಲ್ಲ. ‘ಆವು’ ಹಳಗನ್ನಡಕ್ಕೂ ಸಲ್ಲುತ್ತದೆ, ಇಂದಿನ ತೆಲುಗಿನಲ್ಲಿ ನಿತ್ಯದ ಮಾತು. ಕಪ್ಪಿಲಿಯರ ನೆರೆಯ ತೊಟ್ಟಿಯರು ತೆಲುಗರು. ಆ ಪದ ತುಂಗಭದ್ರೆಯಿಂದ ಹೊತ್ತು ತಂದದ್ದೋ ಕಣಿವೆಯ ನೆರೆಹೊರೆಯಲ್ಲಿ ಪಡೆದದ್ದೋ ಎಂಬುದು ವಲಸೆಯ ಇತಿಹಾಸದಷ್ಟೇ ತೂಕದ ಪ್ರಶ್ನೆ. ಅದನ್ನು ಇಂಗ್ಲಿಷ್ ಅಕ್ಷರಗಳ ಆ ಎರಡು ಪದಗಳಷ್ಟರ ಮೇಲೆ ಬಗೆಹರಿಸಲಾಗದು.

ಇಲ್ಲಿ ಅನುಭವಿ ಅಧಿಕಾರಿಯ ಸೂಚನೆ ಬೆಲೆಬಾಳುತ್ತದೆ. ಹಿಂಡನ್ನು ಧರ್ಮದ ಶೀರ್ಷಿಕೆಯಲ್ಲಿ ಹುಡುಕುವುದಕ್ಕಿಂತ ಮೇವಿನ ಬೆನ್ನುಹತ್ತುವುದು ಲೇಸು. ದನಗಳಿಗೆ ಬೆಟ್ಟದ ಇಳಿಜಾರು ಬೇಕು. 1882ರ ಮದರಾಸು ಅರಣ್ಯ ಕಾಯಿದೆಯ ನಂತರ ಮೇಯಿಸುವ ಹಕ್ಕು ಅರಣ್ಯ ಮತ್ತು ಕಂದಾಯ ಕಡತಗಳ ವಿಷಯವಾಯಿತು. ಗುಡಿಗೆ ಭೂಮಿಯಿದ್ದರೆ 1858ರಲ್ಲಿ ನೇಮಕವಾದ ಇನಾಂ ಆಯೋಗದ ದಾಖಲೆಪುಸ್ತಕಗಳನ್ನು ಊರೂರಿನ ಲೆಕ್ಕದಲ್ಲಿ ನೋಡಬೇಕು. ‘ಭಾಷೆ’ ಎಂಬ ಪದವೇ ಬಾರದ ಇಂತಹ ಹಾಳೆಗಳಲ್ಲಿ ಮನೆತನಗಳ ಹೆಸರು, ಹೊಲದ ಹೆಸರು, ಸಾಕ್ಷಿಗಳ ಮಾತು ಸಿಗಬಲ್ಲವು. ಭಾಷೆಯ ಸುಳಿವು ಅಡಗಿರುವುದು ಅಲ್ಲಿಯೇ.

ಕಡತ ಉಳಿದಿರಬೇಕಷ್ಟೆ. ಮದರಾಸಿನ ಜಿಲ್ಲಾ ಕಚೇರಿಗಳಲ್ಲಿ ವಿಲೇವಾರಿಯಾದ ಕಡತದ ಮೇಲೆ ಗುಮಾಸ್ತ ಒಂದಕ್ಷರ ಬರೆಯುತ್ತಿದ್ದ: ‘ಆರ್’ ಎಂದರೆ ಶಾಶ್ವತ, ‘ಡಿ’ ಎಂದರೆ ಹತ್ತು ವರ್ಷಗಳ ನಂತರ ನಾಶ. ಹಿಂಡಿನ ಹುಲ್ಲುಗಾವಲಿನ ತಕರಾರು, ಕುಲಪಂಚಾಯಿತಿಯ ತೀರ್ಪಿನ ವಿರುದ್ಧ ತಹಶೀಲ್ದಾರರಿಗೆ ಕೊಟ್ಟ ಅರ್ಜಿ ಇಂಥವು ‘ಡಿ’ ಆಗುವುದೇ ಹೆಚ್ಚು ಸಂಭವ. ನಿಯಮದಂತೆ ನಡೆದ ನಾಶವದು. ಹೀಗಾಗಿ ಮೇಲಧಿಕಾರಿಗಳಿಗೆ ಹೋದ ಪ್ರತಿಯನ್ನು, ರೆವಿನ್ಯೂ ಬೋರ್ಡಿನ ನಡವಳಿಯಲ್ಲಿ ಉಲ್ಲೇಖವಾದ ಸಾರಾಂಶವನ್ನು ಹುಡುಕಿಸುವುದು ಅಧಿಕಾರಿಗೆ ಉಳಿಯುವ ದಾರಿ. ತಾಲ್ಲೂಕಿನಲ್ಲಿ ಸುಟ್ಟುಹೋದದ್ದು ಎಗ್ಮೋರಿನಲ್ಲಿ ಎರಡು ವಾಕ್ಯವಾಗಿ ಉಳಿದಿರಬಹುದು.

ಗೆಜೆಟಿಯರಿನಂತಹ ಮುದ್ರಿತ ಸಂಪುಟಗಳು ಈಗ ಅಂತರ್ಜಾಲದಲ್ಲಿ ದೊರೆಯುತ್ತವೆ. ಆದರೆ ಹುಡುಕುವ ಯಂತ್ರಕ್ಕೆ ‘ಕನ್ನಡ’ವೂ ‘ಕೆನರೀಸ್’ ಕೂಡ ಒಂದೇ ಎಂದು ಯಾರಾದರೂ ಹೇಳಿಕೊಡಬೇಕು. ಸೂಚಿಯಲ್ಲಿ ಒಂದು ಅಡ್ಡ ಉಲ್ಲೇಖ ಸೇರಿಸಿದರೆ ಸಾಕು: ‘ಕನ್ನಡ, ಮದುರೆ ಜಿಲ್ಲೆ: ನೋಡಿ ಕಪ್ಪಿಲಿಯನ್, ಅನುಪ್ಪನ್, ತಂಬಿರಾನ್ ಮಾಡು’. ಆ ಒಂದು ಸಾಲನ್ನು ಬರೆಯಲು ಕಣಿವೆಯನ್ನೂ ಕಚೇರಿಯನ್ನೂ ಬಲ್ಲ ಒಬ್ಬರು ಎಗ್ಮೋರಿನ ಮೇಜಿನ ಆ ಬದಿಯಲ್ಲಿ ಕುಳಿತಿರಬೇಕು.